ಟೆಸ್ಟೋಸ್ಟೆರಾನ್ ಕಡಿಮೆಯೇ? ಚುಚ್ಚುಮದ್ದಿಗೆ ಮುನ್ನ ಎಲ್‌ಎಚ್ ನೋಡಿ

ಸದಾ ಸುಸ್ತು, ಮಾತುಮಾತಿಗೆ ಸಿಡುಕು, ಹೆಂಡತಿಯ ಹತ್ತಿರ ಹೋಗಲೂ ಮನಸ್ಸಿಲ್ಲ, ಬೆಳಗಿನ ಜಾವ ತಾನಾಗಿ ಆಗುತ್ತಿದ್ದ ನಿಮಿರುವಿಕೆ ಈಗಿಲ್ಲ. ಮೂವತ್ತು ದಾಟಿದ ಎಷ್ಟೋ ಗಂಡಸರು ಇದನ್ನು ಯಾರಲ್ಲೂ ಹೇಳಿಕೊಳ್ಳದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಒಂದು ದಿನ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆಯೂ ಸೇರಿಕೊಂಡು, ರಿಪೋರ್ಟಿನಲ್ಲಿ 230 ಎಂಬ ಅಂಕಿ ದಪ್ಪಕ್ಷರದಲ್ಲಿ ಬಂದಾಗ, ಕೊನೆಗೂ ಕಾರಣ ಸಿಕ್ಕಿತೆಂಬ ಸಮಾಧಾನವಾಗುತ್ತದೆ. ಅದರ ಬೆನ್ನಿಗೇ ಯಾರೋ ಒಬ್ಬರು 'ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳಿ, ಸರಿಹೋಗುತ್ತೆ' ಎನ್ನುತ್ತಾರೆ. ಅಂಕಿಯೇನೋ ಏರುತ್ತದೆ, ಹುರುಪೂ ಬರಬಹುದು. ಆದರೆ ಆ ಇಂಜೆಕ್ಷನ್ ಮಾಡುವ ಇನ್ನೊಂದು ಕೆಲಸವನ್ನು ಬಿಡಿಸಿ ಹೇಳುವವರು ಕಡಿಮೆ. ವೃಷಣಗಳು ತಾವಾಗಿ ಟೆಸ್ಟೋಸ್ಟೆರಾನ್ ತಯಾರಿಸುವುದನ್ನು ಅದು ನಿಲ್ಲಿಸುತ್ತದೆ. ಅದರ ಜೊತೆಗೆ ವೀರ್ಯಾಣುಗಳ ಉತ್ಪಾದನೆಯೂ ಕುಸಿಯುತ್ತದೆ. ಮಗು ಬೇಕೆಂದು ಕಾಯುತ್ತಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹೊರಗಿನಿಂದ ಹಾರ್ಮೋನು ತುಂಬುವ ಬದಲು, ದೇಹವೇ ಅದನ್ನು ತಯಾರಿಸುವಂತೆ ಮಾಡುವ ಔಷಧಗಳು ಇವೆ. ಅವು ಹೊಸವಲ್ಲ, ಹೆಚ್ಚಿನವು ಬಹಳ ದುಬಾರಿಯೂ ಅಲ್ಲ. ಹಾಗೆಂದು ಎಲ್ಲರಿಗೂ ಆಗಿಬರುವುದಿಲ್ಲ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನಿನ ರಕ್ತಪರೀಕ್ಷೆ. ಟೆಸ್ಟೋಸ್ಟೆರಾನ್ ಒಂದನ್ನೇ ನೋಡಿ ಚಿಕಿತ್ಸೆ ಶುರುಮಾಡುವುದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಆಜ್ಞೆ ಬರುವುದು ಮಿದುಳಿನಿಂದ

ಟೆಸ್ಟೋಸ್ಟೆರಾನ್ ತಯಾರಾಗುವುದು ವೃಷಣಗಳ ಲೇಡಿಗ್ ಕೋಶಗಳಲ್ಲಿ. ಆದರೆ ಅವು ತಮ್ಮಷ್ಟಕ್ಕೆ ತಾವು ಕೆಲಸ ಮಾಡುವುದಿಲ್ಲ. ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತ ಮಿಡಿತವಾಗಿ ಬಿಡುತ್ತದೆ. ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಆ ಮಿಡಿತಕ್ಕೆ ಓಗೊಟ್ಟು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಎಲ್‌ಎಚ್ ವೃಷಣಕ್ಕೆ ಹೋಗಿ ಟೆಸ್ಟೋಸ್ಟೆರಾನ್ ತಯಾರಿಸು ಎನ್ನುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳನ್ನು ಎಚ್ಚರಿಸುತ್ತದೆ. ಮಿದುಳಿನ ಈ ಹಾರ್ಮೋನುಗಳ ಶೋಧಕ್ಕಾಗಿಯೇ ರೋಜರ್ ಗಿಲ್ಲೆಮಿನ್ ಮತ್ತು ಆಂಡ್ರೂ ಶ್ಯಾಲಿ ಅವರಿಗೆ 1977ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ತಯಾರಾದ ಟೆಸ್ಟೋಸ್ಟೆರಾನ್‌ನ ಒಂದು ಭಾಗ, ಅರೋಮಟೇಸ್ ಎಂಬ ಕಿಣ್ವದ ಮೂಲಕ ಈಸ್ಟ್ರಡಯಾಲ್ ಎಂಬ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ಈಸ್ಟ್ರೊಜೆನ್ ಹೆಂಗಸರಿಗಷ್ಟೇ ಸೇರಿದ್ದೆಂಬ ನಂಬಿಕೆ ಸರಿಯಲ್ಲ. ಗಂಡಸರ ಮೂಳೆಗೂ ಕಾಮಾಸಕ್ತಿಗೂ ಅದು ಬೇಕು. ರಕ್ತದಲ್ಲಿ ಟೆಸ್ಟೋಸ್ಟೆರಾನ್, ಈಸ್ಟ್ರಡಯಾಲ್ ಎರಡೂ ಸಾಕಷ್ಟಿವೆಯೇ ಎಂದು ಮಿದುಳು ಸದಾ ಅಳೆಯುತ್ತಿರುತ್ತದೆ. ಸಾಕಷ್ಟಿದ್ದರೆ ಎಲ್‌ಎಚ್ ಇಳಿಸುತ್ತದೆ, ಸಾಲದಿದ್ದರೆ ಏರಿಸುತ್ತದೆ. ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕ್ ತುಂಬಿದೊಡನೆ ಬೋರ್‌ವೆಲ್ ಮೋಟರನ್ನು ನಿಲ್ಲಿಸುವ ಸೆನ್ಸರ್ ಇರುತ್ತದಲ್ಲ, ಹಾಗೆ. ಟ್ಯಾಂಕರ್ ತರಿಸಿ ನೀರು ತುಂಬಿಸಿದರೂ ಸೆನ್ಸರ್‌ಗೆ ತಿಳಿಯುವುದು ಟ್ಯಾಂಕ್ ತುಂಬಿದೆ ಎಂಬುದಷ್ಟೇ. ಅದು ಮೋಟರ್ ಓಡಲು ಬಿಡುವುದಿಲ್ಲ.

ಇಂಜೆಕ್ಷನ್, ಜೆಲ್ ಯಾವುದರಿಂದ ಬಂದ ಟೆಸ್ಟೋಸ್ಟೆರಾನ್ ಆದರೂ ಪರಿಣಾಮ ಇದೇ. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ನೆಲಕಚ್ಚುತ್ತವೆ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬೇಕು. ಆ ಸಾಂದ್ರತೆ ಬರುವುದು ಅಲ್ಲೇ ತಯಾರಾದಾಗ ಮಾತ್ರ. ಹೊರಗಿನಿಂದ ಎಷ್ಟು ಚುಚ್ಚಿದರೂ ಅದನ್ನು ಮುಟ್ಟಲಾಗದು. ಹಾಗಾಗಿ ರಕ್ತದ ಅಂಕಿ ಚೆನ್ನಾಗಿದ್ದು, ವೀರ್ಯ ಪರೀಕ್ಷೆಯಲ್ಲಿ ಒಂದೂ ವೀರ್ಯಾಣು ಕಾಣದ ಸ್ಥಿತಿ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟು ಅದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. ಗರ್ಭನಿರೋಧಕವಾಗಿ ಪರಿಶೀಲಿಸಿದ ಔಷಧವನ್ನು ಮಗುವಿಗಾಗಿ ಹಂಬಲಿಸುವ ಗಂಡಸಿಗೆ 'ಶಕ್ತಿ ಮದ್ದು' ಎಂದು ಬರೆದುಕೊಡುವುದು ಎಂಥ ಅನ್ಯಾಯ!

ಮೊದಲು ಅಂಕಿ ನಿಜವೇ ಎಂದು ನೋಡಿ

ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಹಾಗಾಗಿ ಬೆಳಿಗ್ಗೆ ಹತ್ತರ ಒಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಮಧ್ಯಾಹ್ನ ಊಟ ಮುಗಿಸಿ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದಲ್ಲಿ ಕಡಿಮೆ ಬಂದರೆ ಅದಕ್ಕೆ ಅರ್ಥವಿಲ್ಲ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಗಡಿಯಾರದ ಬೆಳಗು ಲೆಕ್ಕಕ್ಕಿಲ್ಲ. ಅವರು ನಿದ್ದೆ ಮುಗಿಸಿ ಎದ್ದ ಎರಡು-ಮೂರು ಗಂಟೆಯೊಳಗೆ ಕೊಡುವುದು ಸೂಕ್ತ. ಜ್ವರ ಬಂದಾಗ, ಆಸ್ಪತ್ರೆಯಲ್ಲಿ ಮಲಗಿದ್ದಾಗ, ಡೆಂಗಿಯಂಥ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವಾಗ ಮಾಡಿಸಬಾರದು. ಯಾವುದೇ ತೀವ್ರ ಕಾಯಿಲೆಯಲ್ಲಿ ಈ ಹಾರ್ಮೋನು ತಾತ್ಕಾಲಿಕವಾಗಿ ಇಳಿಯುತ್ತದೆ.

ಇನ್ನೊಂದು ಸಂಗತಿ ಲ್ಯಾಬಿನವರು ಕೇಳುವುದೇ ಅಪರೂಪ. ಕೂದಲು ಉದುರುವುದಕ್ಕೆಂದು ಅನೇಕರು ನುಂಗುವ ಬಯೋಟಿನ್ ಮಾತ್ರೆ, ಹೆಚ್ಚು ಪ್ರಮಾಣದಲ್ಲಿದ್ದರೆ, ಕೆಲವು ಯಂತ್ರಗಳಲ್ಲಿ ಹಾರ್ಮೋನು ಪರೀಕ್ಷೆಯ ಫಲಿತಾಂಶವನ್ನೇ ಕೆಡಿಸುತ್ತದೆ. ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚಾಗಿಯೂ ಎಲ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ತೋರಬಹುದು. ಎರಡು-ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ ಹೋಗಿ.

ಒಂದು ಸಲ ಕಡಿಮೆ ಬಂದರೆ ಸಾಲದು, ಬೇರೊಂದು ದಿನ ಮತ್ತೆ ಮಾಡಿಸಬೇಕು. ಅಮೆರಿಕದ ಯೂರಾಲಜಿ ಸಂಘದ 2018ರ ಮಾರ್ಗಸೂಚಿ, ಎರಡು ಬೆಳಗಿನ ಪರೀಕ್ಷೆಯಲ್ಲೂ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆಯಿದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತದೆ. ಬೊಜ್ಜಿಲ್ಲದ ಆರೋಗ್ಯವಂತ ಯುವಕರಲ್ಲಿ ಸಾಮಾನ್ಯ ವ್ಯಾಪ್ತಿ ಸುಮಾರು 264ರಿಂದ 916. ಕೆಲವು ಲ್ಯಾಬುಗಳು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆ ಅಂಕಿಯನ್ನು 28.8ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ. ಅಂದರೆ 300 ಎಂಬುದು ಅಲ್ಲಿ ಸುಮಾರು 10.4. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಟೆಸ್ಟೋಸ್ಟೆರಾನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನೇ ಕಡಿಮೆ ಇರುತ್ತದೆ. ಆಗ ಒಟ್ಟು ಅಂಕಿ ಕಡಿಮೆ ಕಂಡರೂ ದೇಹಕ್ಕೆ ಸಿಗುವ ಮುಕ್ತ ಟೆಸ್ಟೋಸ್ಟೆರಾನ್ ಸರಿಯಾಗಿರಬಹುದು. ಅದನ್ನು ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಅಳೆದು ಲೆಕ್ಕ ಹಾಕುವುದು ಒಳ್ಳೆಯದು. ಪ್ಯಾಕೇಜುಗಳಲ್ಲಿ ಬರುವ 'ಫ್ರೀ ಟೆಸ್ಟೋಸ್ಟೆರಾನ್' ನೇರ ಪರೀಕ್ಷೆಗಳು ಹಲವು ಬಾರಿ ನಂಬಿಕೆಗೆ ಅರ್ಹವಲ್ಲ.

ಕೊರತೆ ಖಚಿತವಾಯಿತೆನ್ನಿ. ಔಷಧದ ಹೆಸರು ಬರುವ ಮೊದಲು ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಈ ಮೂರನ್ನೂ ಮಾಡಿಸಬೇಕು. ಟೆಸ್ಟೋಸ್ಟೆರಾನ್ ಕಡಿಮೆಯಿದ್ದು ಎಲ್‌ಎಚ್ ಬಹಳ ಏರಿದ್ದರೆ, ಮಿದುಳು ಕೂಗಿ ಕೂಗಿ ಸೋತಿದೆ, ವೃಷಣಕ್ಕೆ ಓಗೊಡುವ ಶಕ್ತಿ ಇಲ್ಲ ಎಂದರ್ಥ. ಮಂಗನಬಾವು ವೃಷಣಕ್ಕಿಳಿದು ಆದ ಹಾನಿ, ಕ್ಯಾನ್ಸರ್ ಚಿಕಿತ್ಸೆ, ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇಂಥ ಕಾರಣಗಳು. ಇವರಲ್ಲಿ ಮೇಲಿನ ಆಜ್ಞೆಯನ್ನು ಇನ್ನಷ್ಟು ಜೋರು ಮಾಡಿ ಹೆಚ್ಚಿನ ಫಲ ಸಿಗದು. ಟೆಸ್ಟೋಸ್ಟೆರಾನ್ ಚಿಕಿತ್ಸೆಯೇ ಸಾಮಾನ್ಯವಾಗಿ ಸರಿಯಾದ ದಾರಿ. ಆದರೆ ಟೆಸ್ಟೋಸ್ಟೆರಾನ್ ಕಡಿಮೆಯಿದ್ದೂ ಎಲ್‌ಎಚ್ ಕಡಿಮೆ ಅಥವಾ 'ನಾರ್ಮಲ್' ಇದ್ದರೆ ಕಥೆ ಬೇರೆ. ಟೆಸ್ಟೋಸ್ಟೆರಾನ್ ಇಷ್ಟು ಇಳಿದಿರುವಾಗ ಎಲ್‌ಎಚ್ ಏರಬೇಕಿತ್ತು, ಏರಿಲ್ಲ. ವೃಷಣ ಚೆನ್ನಾಗಿದೆ, ಅದಕ್ಕೆ ಆಜ್ಞೆ ಬರುತ್ತಿಲ್ಲ. ರಿಪೋರ್ಟಿನಲ್ಲಿ ಎಲ್‌ಎಚ್ ಪಕ್ಕದಲ್ಲಿ 'ನಾರ್ಮಲ್' ಎಂದು ಕಂಡು ಸಮಾಧಾನಪಡಬಾರದು ಎಂಬುದು ಇದಕ್ಕೇ. ಸ್ವಂತ ಉತ್ಪಾದನೆಯನ್ನು ಎಬ್ಬಿಸುವ ಔಷಧಗಳು ಮುಖ್ಯವಾಗಿ ಈ ಗುಂಪಿನವರಿಗಾಗಿ.

ಆಜ್ಞೆ ಏಕೆ ನಿಂತಿತು?

ಔಷಧದ ಅಂಗಡಿಗೆ ಓಡುವ ಮುನ್ನ ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಎಷ್ಟೋ ಸಲ ಕಾರಣವನ್ನು ತೆಗೆದರೆ ಔಷಧವೇ ಬೇಡ.

ನಮ್ಮಲ್ಲಿ ಬಹಳ ಮಂದಿ ಗಮನಿಸದ ಕಾರಣ, ದಿನನಿತ್ಯದ ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲುಗಳು ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಸಿಗುತ್ತವೆ. ಜನ ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದೊಡನೆ ನುಂಗುತ್ತಾರೆ. ಈ ಜೊತೆಯ ಔಷಧಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತವೆ. ಪ್ರೊಲ್ಯಾಕ್ಟಿನ್ ಏರಿದರೆ ಜಿಎನ್‌ಆರ್‌ಎಚ್ ಮಿಡಿತ ಮಂಕಾಗಿ, ಟೆಸ್ಟೋಸ್ಟೆರಾನೂ ಕಾಮಾಸಕ್ತಿಯೂ ಇಳಿಯುತ್ತವೆ. ಅಸಿಡಿಟಿಗೆ ನುಂಗುವ ಮಾತ್ರೆಯ ಪಟ್ಟಿಯನ್ನು ತಿರುಗಿಸಿ, ಅದರಲ್ಲಿ ಏನೇನಿದೆ ಎಂದು ಇಂದೇ ಓದಿ. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧಗಳಿಗೂ ಇದೇ ಗುಣವಿದೆ. ಆದರೆ ಅವನ್ನು ನೀವಾಗಿ ನಿಲ್ಲಿಸಬಾರದು. ಬರೆದುಕೊಟ್ಟ ಮನೋವೈದ್ಯರ ಬಳಿಯೇ ಮಾತಾಡಿ, ಬದಲಿ ಔಷಧ ಕೇಳಿ.

ಯಾವ ಔಷಧವನ್ನೂ ತೆಗೆದುಕೊಳ್ಳದಿದ್ದರೂ ಪ್ರೊಲ್ಯಾಕ್ಟಿನ್ ಬಹಳ ಏರಿದ್ದರೆ, ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನೋಮ ಎಂಬ ಗಡ್ಡೆ ಇರಬಹುದು. ಗಡ್ಡೆ ಎಂಬ ಪದಕ್ಕೆ ಗಾಬರಿಯಾಗಬೇಕಿಲ್ಲ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ. ವಾರಕ್ಕೆ ಒಂದೆರಡು ಬಾರಿ ತೆಗೆದುಕೊಳ್ಳುವ ಕ್ಯಾಬರ್ಗೊಲಿನ್ ಮಾತ್ರೆಯಿಂದ ಗಡ್ಡೆ ಕುಗ್ಗಿ, ಪ್ರೊಲ್ಯಾಕ್ಟಿನ್ ಇಳಿದು, ಅನೇಕರಲ್ಲಿ ಟೆಸ್ಟೋಸ್ಟೆರಾನ್ ತಾನಾಗಿ ಮರಳುತ್ತದೆ. ಸ್ವಂತ ಉತ್ಪಾದನೆಯನ್ನು ಮರಳಿಸುವ ಔಷಧ ಎಂಬ ಮಾತು ಪೂರ್ತಿ ಒಪ್ಪುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇದು ಮೂಲ ಕಾರಣವನ್ನೇ ಹಿಡಿಯುತ್ತದೆ. ಕ್ಯಾಬರ್ಗೊಲಿನ್ ತೆಗೆದುಕೊಳ್ಳುವ ಕೆಲವರಿಗೆ ಜೂಜು, ಮಿತಿಮೀರಿದ ಖರೀದಿಯ ಚಟ ಹತ್ತುವುದುಂಟು. ಮನೆಯವರು ಇದನ್ನು ತಿಳಿದಿರಬೇಕು. ಟೆಸ್ಟೋಸ್ಟೆರಾನ್ 150ಕ್ಕಿಂತ ಕೆಳಗಿಳಿದು ಎಲ್‌ಎಚ್ ಕೂಡ ಕಡಿಮೆಯಿದ್ದರೆ, ಅಥವಾ ತಲೆನೋವಿನ ಜೊತೆ ಪಕ್ಕದ ದೃಷ್ಟಿ ಮಸುಕಾಗುತ್ತಿದ್ದರೆ, ಪಿಟ್ಯುಟರಿಯ ಎಂಆರ್‌ಐ ಮಾಡಿಸಲೇಬೇಕು.

ಇನ್ನು ಬೊಜ್ಜು. ಕೊಬ್ಬಿನಲ್ಲಿ ಅರೋಮಟೇಸ್ ಹೆಚ್ಚಿರುತ್ತದೆ, ಟೆಸ್ಟೋಸ್ಟೆರಾನ್ ಈಸ್ಟ್ರಡಯಾಲ್ ಆಗಿ ಬದಲಾಗುವುದೂ ಹೆಚ್ಚುತ್ತದೆ. ಇನ್ಸುಲಿನ್ ಪ್ರತಿರೋಧ ಮತ್ತು ದೇಹದೊಳಗಿನ ಉರಿಯೂತವೂ ಮಿದುಳಿನ ಆಜ್ಞೆಯನ್ನು ತಗ್ಗಿಸುತ್ತವೆ. ತೂಕ ಇಳಿದಷ್ಟೂ ಟೆಸ್ಟೋಸ್ಟೆರಾನ್ ಏರುತ್ತದೆ. ಆಹಾರ-ವ್ಯಾಯಾಮದಿಂದ ಇಳಿದರೂ ಸರಿ, ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಔಷಧಗಳಿಂದ ಇಳಿದರೂ ಸರಿ, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಿಂದ ಇಳಿದರೂ ಸರಿ. ಗೊರಕೆ ಜೋರಾಗಿದ್ದು, ಮಧ್ಯೆ ಉಸಿರು ಕಟ್ಟಿದಂತಾಗಿ ಎಚ್ಚರಾಗುವವರು ಸ್ಲೀಪ್ ಆಪ್ನಿಯ ಪರೀಕ್ಷೆ ಮಾಡಿಸಬೇಕು. ನಿದ್ದೆ ಎಷ್ಟು ಮುಖ್ಯ ಎಂಬುದಕ್ಕೆ, ಆರೋಗ್ಯವಂತ ತರುಣರು ಒಂದು ವಾರ ದಿನಕ್ಕೆ ಐದು ಗಂಟೆಯಷ್ಟೇ ಮಲಗಿದಾಗ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದದ್ದು 2011ರ ಒಂದು ಸಣ್ಣ ಅಧ್ಯಯನದಲ್ಲಿ ಕಂಡಿದೆ. ಟ್ರಮಡಾಲ್‌ನಂಥ ನೋವಿನ ಔಷಧಗಳ ದೀರ್ಘಕಾಲದ ಬಳಕೆ, ಕುಡಿತ, ಆಸ್ತಮಾಕ್ಕೋ ಸಂಧಿವಾತಕ್ಕೋ ದೀರ್ಘಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆ, ತಲಸ್ಸೇಮಿಯಾದಲ್ಲಿ ಪದೇ ಪದೇ ರಕ್ತ ಪಡೆದು ಪಿಟ್ಯುಟರಿಯಲ್ಲಿ ಸೇರಿದ ಕಬ್ಬಿಣ, ಇವೂ ಪಟ್ಟಿಯಲ್ಲಿವೆ.

ಕ್ಲೊಮಿಫೀನ್ ಮಾಡುವ ಕೆಲಸ

ಕಾರಣಗಳನ್ನು ನೋಡಿಯಾದ ಮೇಲೂ ಎಲ್‌ಎಚ್ ಏಳದಿದ್ದರೆ ಹಾರ್ಮೋನು ತಜ್ಞರು ಮೊದಲು ಯೋಚಿಸುವುದು ಕ್ಲೊಮಿಫೀನ್ ಸಿಟ್ರೇಟ್ ಮಾತ್ರೆಯನ್ನು. ಹೆಂಗಸರಲ್ಲಿ ಅಂಡ ಬಿಡುಗಡೆಗೆಂದು ಅಮೆರಿಕದಲ್ಲಿ 1967ರಲ್ಲಿ ಅನುಮತಿ ಪಡೆದ ಔಷಧ ಇದು. ಹಾಗಾಗಿಯೇ ಮೆಡಿಕಲ್ ಸ್ಟೋರಿನವರು ಗಂಡಸಿನ ಚೀಟಿಯಲ್ಲಿ ಇದನ್ನು ಕಂಡು ಹುಬ್ಬೇರಿಸುತ್ತಾರೆ. ಮುಜುಗರಪಡಬೇಕಾಗಿಲ್ಲ. ಇದು ಮಿದುಳಿನಲ್ಲಿ ಈಸ್ಟ್ರೊಜೆನ್ ಕೂರುವ ಜಾಗವನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ಹಾರ್ಮೋನು ಸಾಲದು ಎಂದು ಮಿದುಳಿಗೆ ತೋರುತ್ತದೆ. ಜಿಎನ್‌ಆರ್‌ಎಚ್ ಚುರುಕಾಗಿ ಎಲ್‌ಎಚ್, ಎಫ್‌ಎಸ್‌ಎಚ್ ಏರಿ, ವೃಷಣ ತಾನೇ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ವೀರ್ಯಾಣು ಉತ್ಪಾದನೆ ನಿಲ್ಲುವುದಿಲ್ಲ, ಅನೇಕರಲ್ಲಿ ಹೆಚ್ಚುತ್ತದೆ.

ವೈದ್ಯರು ಸಾಮಾನ್ಯವಾಗಿ 25 ಮಿಲಿಗ್ರಾಂ ದಿನ ಬಿಟ್ಟು ದಿನ ಅಥವಾ ದಿನವೂ ಎಂದು ಆರಂಭಿಸುತ್ತಾರೆ. ಅಗತ್ಯ ಬಿದ್ದರೆ 50ಕ್ಕೆ ಏರಿಸುತ್ತಾರೆ. ಸುಮಾರು ನಾಲ್ಕರಿಂದ ಆರು ವಾರದಲ್ಲಿ ರಕ್ತಪರೀಕ್ಷೆ ಮಾಡಿ, ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ಎರಡೂ ಏರಿವೆಯೇ ಎಂದು ನೋಡುತ್ತಾರೆ. ಎಲ್‌ಎಚ್ ಏರಿಯೂ ಟೆಸ್ಟೋಸ್ಟೆರಾನ್ ಏರದಿದ್ದರೆ ವೃಷಣದಲ್ಲಿಯೇ ಕೊರತೆಯಿದೆ ಎಂದು ತಿಳಿಯುತ್ತದೆ. ಎಲ್‌ಎಚ್ ಕೂಡ ಅಲುಗದಿದ್ದರೆ ಪಿಟ್ಯುಟರಿ ಅಥವಾ ಹೈಪೊಥಲಾಮಸ್‌ನಲ್ಲಿಯೇ ತೊಂದರೆ. ಹೀಗೆ ಈ ಮಾತ್ರೆ ಚಿಕಿತ್ಸೆಯೂ ಹೌದು, ಒಂದು ಬಗೆಯ ಪರೀಕ್ಷೆಯೂ ಹೌದು. ವೀರ್ಯಾಣು ಒಂದು ಸುತ್ತು ಬೆಳೆದು ಹೊರಬರಲು ಸುಮಾರು ಮೂರು ತಿಂಗಳು ಬೇಕು. ಅದಕ್ಕಿಂತ ಮೊದಲು ವೀರ್ಯ ಪರೀಕ್ಷೆ ಮಾಡಿ ನಿರಾಶರಾಗಬೇಡಿ.

ಇದರ ಮಿತಿಗಳನ್ನು ಹೇಳದಿದ್ದರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತೆ. ಗಂಡಸರಲ್ಲಿ ಇದರ ಬಳಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಇಲ್ಲ. ತಜ್ಞರು ತಮ್ಮ ವಿವೇಚನೆಯಿಂದ ಬರೆಯುತ್ತಾರೆ. ಅಂಕಿ ಏರಿದಷ್ಟು ಹುರುಪು, ಆಸಕ್ತಿ ಎಲ್ಲರಲ್ಲೂ ಏರುವುದಿಲ್ಲ. ಕಾಮಾಸಕ್ತಿಗೆ ಈಸ್ಟ್ರಡಯಾಲ್ ಕೂಡ ಬೇಕೆಂದು 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ತೋರಿಸಿತ್ತು. ಕ್ಲೊಮಿಫೀನ್ ಅಡ್ಡಗಟ್ಟುವುದು ಅದೇ ಈಸ್ಟ್ರೊಜೆನ್ನಿನ ಕೆಲಸವನ್ನು. ಮನಸ್ಸು ಕುಗ್ಗುವುದು, ಸಿಟ್ಟು, ಸ್ತನಗಳಲ್ಲಿ ನೋವು-ಊತ, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದು ಇವು ಅಡ್ಡಪರಿಣಾಮಗಳು. ಕಣ್ಣು ಮಸುಕಾಗುವುದು, ಮಿಂಚಿದಂತಾಗುವುದು, ನೋಡಿದ ವಸ್ತುವಿನ ನೆರಳು ಕಣ್ಣಲ್ಲೇ ಉಳಿದಂತಾಗುವುದು ಕಂಡರೆ ತಕ್ಷಣ ಮಾತ್ರೆ ನಿಲ್ಲಿಸಿ, ವಾಹನ ಓಡಿಸದೆ, ವೈದ್ಯರನ್ನು ಕಾಣಬೇಕು.

ಎಲ್ಲಕ್ಕಿಂತ ಮುಖ್ಯ ಮಿತಿ ಬೇರೆ. ಮೂಲ ಕಾರಣ ಹಾಗೇ ಇದ್ದರೆ, ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಹೆಚ್ಚಿನವರ ಅಂಕಿ ಹಿಂದಿನ ಮಟ್ಟಕ್ಕೇ ಮರಳುತ್ತದೆ. ಮೂರು ತಿಂಗಳ ಕೋರ್ಸ್ ಮಾಡಿದರೆ ಆಯಿತು, ಜೀವನಪೂರ್ತಿ ಸರಿ ಎಂದು ಹೇಳುವವರನ್ನು ನಂಬಬೇಡಿ. ಕ್ಲೊಮಿಫೀನ್ ಎರಡು ರೂಪಗಳ ಮಿಶ್ರಣ. ಅದರಲ್ಲಿ ಕೆಲಸಕ್ಕೆ ಬರುವ ಎನ್‌ಕ್ಲೊಮಿಫೀನ್ ಅನ್ನು ಮಾತ್ರ ಬೇರ್ಪಡಿಸಿ ಗಂಡಸರಿಗೆಂದೇ ತಯಾರಿಸಿದ ಔಷಧವನ್ನು 2015ರಲ್ಲಿ ಎಫ್‌ಡಿಎ ಒಪ್ಪಲಿಲ್ಲ. ಆನ್‌ಲೈನಿನಲ್ಲಿ ಅದೇ ಹೆಸರಿನಲ್ಲಿ ಬರುವ ಕ್ಯಾಪ್ಸೂಲುಗಳಲ್ಲಿ ಏನಿದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಎಚ್‌ಸಿಜಿ, ಎಫ್‌ಎಸ್‌ಎಚ್ ಮತ್ತು ಉಳಿದವು

ಪಿಟ್ಯುಟರಿಯೇ ಕೆಲಸ ಮಾಡದಿದ್ದರೆ ಕ್ಲೊಮಿಫೀನ್ ಯಾರಿಗೆ ಆಜ್ಞೆ ಕೊಡಬೇಕು? ಅಂಥವರಿಗೆ ಎಚ್‌ಸಿಜಿ ಇಂಜೆಕ್ಷನ್. ಗರ್ಭಿಣಿಯರಲ್ಲಿ ತಯಾರಾಗುವ ಈ ಹಾರ್ಮೋನು ವೃಷಣದ ಮೇಲೆ ಎಲ್‌ಎಚ್‌ನಂತೆಯೇ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಸಲ 1,500ರಿಂದ 2,000 ಯೂನಿಟ್ ಕೊಡುತ್ತಾರೆ. ಚರ್ಮದ ಕೆಳಗೆ ಚುಚ್ಚಿಕೊಳ್ಳುವುದನ್ನು ಕಲಿಸಿದರೆ ಮನೆಯಲ್ಲೇ ತೆಗೆದುಕೊಳ್ಳಬಹುದು. ಪುಡಿಯನ್ನು ದ್ರವದಲ್ಲಿ ಕರಗಿಸಿದ ಮೇಲೆ ಫ್ರಿಜ್ಜಿನಲ್ಲಿಡಬೇಕು.

ಹುಟ್ಟಿನಿಂದಲೇ ಜಿಎನ್‌ಆರ್‌ಎಚ್ ಬಾರದ ಕೆಲವು ಹುಡುಗರಿದ್ದಾರೆ. ಹದಿನೇಳು-ಹದಿನೆಂಟಾದರೂ ಮೀಸೆ ಚಿಗುರಿಲ್ಲ, ದನಿ ಒಡೆದಿಲ್ಲ. ಅವರಲ್ಲಿ ಕೆಲವರಿಗೆ ವಾಸನೆಯೂ ತಿಳಿಯುವುದಿಲ್ಲ. ಇದು ಕಾಲ್‌ಮನ್ ಸಿಂಡ್ರೋಮ್. ಮಲ್ಲಿಗೆಯ ವಾಸನೆ, ಒಗ್ಗರಣೆಯ ಘಮ ಗೊತ್ತಾಗುತ್ತದೆಯೇ ಎಂದು ಮನೆಯವರು ಕೇಳಿ ನೋಡಿದರೆ ಒಂದು ಮುಖ್ಯ ಸುಳಿವು ಸಿಗುತ್ತದೆ. ತಡವಾಗಿ ಬೆಳೆಯುತ್ತಾನೆ ಬಿಡಿ ಎಂದು ಇಂಥ ಮಕ್ಕಳನ್ನು ಇಪ್ಪತ್ತೈದರವರೆಗೆ ಕಾಯಿಸುವುದು ನನಗೆ ಬಹಳ ನೋವು ಕೊಡುವ ಸಂಗತಿ. ಹದಿನಾಲ್ಕು ವಯಸ್ಸಾದರೂ ವೃಷಣಗಳು ಬೆಳೆಯಲು ಶುರುವಾಗಿಲ್ಲವೆಂದರೆ ವೈದ್ಯರಿಗೆ ತೋರಿಸಬೇಕು. ಇವರಿಗೆ ಮಕ್ಕಳಾಗಬೇಕೆಂದಾಗ ಮೊದಲು ಎಚ್‌ಸಿಜಿ ಕೊಟ್ಟು, ಕೆಲವು ತಿಂಗಳ ನಂತರ ವಾರಕ್ಕೆ ಮೂರು ಬಾರಿ ಎಫ್‌ಎಸ್‌ಎಚ್ ಸೇರಿಸುತ್ತಾರೆ. ವೀರ್ಯಾಣು ಕಾಣಿಸಿಕೊಳ್ಳಲು ಆರು ತಿಂಗಳಿಂದ ಎರಡು ವರ್ಷದವರೆಗೆ ಹಿಡಿಯಬಹುದು, ಖರ್ಚೂ ಹೆಚ್ಚು. ಆದರೆ ಫಲ ಸಿಗುವವರೇ ಜಾಸ್ತಿ. ವೀರ್ಯಾಣುಗಳ ಸಂಖ್ಯೆ ಸಾಮಾನ್ಯ ಮಟ್ಟ ಮುಟ್ಟುವ ಮೊದಲೇ ತಂದೆಯಾದವರು ಎಷ್ಟೋ ಮಂದಿ ಇದ್ದಾರೆ.

ಅರೋಮಟೇಸನ್ನು ತಡೆಯುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಮಾತ್ರೆಗಳನ್ನು ಬೊಜ್ಜಿದ್ದು ಈಸ್ಟ್ರಡಯಾಲ್ ಏರಿರುವ ಕೆಲವರಿಗೆ ಕೊಡುತ್ತಾರೆ. ಟೆಸ್ಟೋಸ್ಟೆರಾನ್ ಏರುತ್ತದೆ, ಆದರೆ ಮೂಳೆಗೆ ಬೇಕಾದ ಈಸ್ಟ್ರೊಜೆನ್ ಇಳಿಯುತ್ತದೆ. ವಯಸ್ಸಾದವರಲ್ಲಿ ಒಂದು ವರ್ಷದ ಬಳಕೆಗೇ ಬೆನ್ನುಮೂಳೆಯ ಸಾಂದ್ರತೆ ತಗ್ಗಿದ್ದು ಕಂಡಿದೆ. ದೀರ್ಘಕಾಲಕ್ಕೆ ನಾನು ಇದನ್ನು ಒಳ್ಳೆಯ ಆಯ್ಕೆ ಎನ್ನಲಾರೆ.

ನೆಗ್ಗಿಲ ಮುಳ್ಳಿನ ಪುಡಿಯಿಂದ ಟೆಸ್ಟೋಸ್ಟೆರಾನ್ ಏರುತ್ತದೆಂಬುದಕ್ಕೆ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಶ್ವಗಂಧದ ಬಗ್ಗೆ ಸಣ್ಣ ಅಧ್ಯಯನಗಳಲ್ಲಿ ಅಲ್ಪ ಏರಿಕೆ ಕಂಡಿದೆ, ಜೊತೆಗೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಹೆಸರಿಲ್ಲದ 'ಶಕ್ತಿ ಪುಡಿ'ಗಳನ್ನು ಮುಟ್ಟಲೇಬೇಡಿ.

ಇಂಜೆಕ್ಷನ್ ನಿಲ್ಲಿಸುವವರಿಗೆ

ಈಗಾಗಲೇ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದು, ಸ್ವಂತ ಉತ್ಪಾದನೆ ಮರಳಬೇಕೆನ್ನುವವರು ಎರಡು ಬಗೆ. ವೈದ್ಯರು ಬರೆದುಕೊಟ್ಟು ತೆಗೆದುಕೊಂಡವರು ಒಂದು. ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡುಗಳ 'ಸೈಕಲ್' ಮಾಡಿದವರು ಇನ್ನೊಂದು. ಇಬ್ಬರ ದೇಹದಲ್ಲೂ ಆಗಿರುವುದು ಒಂದೇ. ಮಿದುಳು ಎಲ್‌ಎಚ್ ಕಳಿಸುವುದನ್ನು ನಿಲ್ಲಿಸಿದೆ, ವೃಷಣ ಚಿಕ್ಕದಾಗಿದೆ.

ಹೆಚ್ಚಿನವರಲ್ಲಿ ಇದು ತಾನಾಗಿ ಮರಳುತ್ತದೆ, ಆದರೆ ನಿಧಾನವಾಗಿ. ಗರ್ಭನಿರೋಧಕ ಪ್ರಯೋಗಗಳಲ್ಲಿ ಭಾಗವಹಿಸಿದ್ದ ಆರೋಗ್ಯವಂತ ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನಿಲ್ಲಿಸಿದ ಆರು ತಿಂಗಳಲ್ಲಿ ಶೇ 67, ಒಂದು ವರ್ಷದಲ್ಲಿ ಶೇ 90, ಎರಡು ವರ್ಷದಲ್ಲಿ ಎಲ್ಲರ ವೀರ್ಯಾಣು ಸಂಖ್ಯೆಯೂ ಮಿಲಿಲೀಟರಿಗೆ ಎರಡು ಕೋಟಿಗೆ ಮರಳುವ ಅಂದಾಜಿದೆ. ಬಳಸಿದ ಕಾಲ ಹೆಚ್ಚಿದಷ್ಟೂ ತಡವಾಗುತ್ತದೆ. ವರ್ಷಗಟ್ಟಲೆ ಹಲವು ಸ್ಟೀರಾಯ್ಡುಗಳನ್ನು ಬೆರೆಸಿ ಚುಚ್ಚಿಕೊಂಡವರಿಗೆ ಈ ಅಂಕಿಗಳ ಭರವಸೆ ಕೊಡಲಾಗದು. ಮೊದಲಿನಿಂದಲೇ ಕೊರತೆಯಿದ್ದವರು ಹಳೆಯ ಕಡಿಮೆ ಮಟ್ಟಕ್ಕೇ ಮರಳುತ್ತಾರೆ ಎಂಬುದನ್ನೂ ನೆನಪಿಡಬೇಕು.

ಕಾಯುವಷ್ಟು ವ್ಯವಧಾನ ಇಲ್ಲದಿದ್ದರೆ, ವಿಶೇಷವಾಗಿ ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ, ತಜ್ಞರು ಎಚ್‌ಸಿಜಿ, ಕ್ಲೊಮಿಫೀನ್ ಅಥವಾ ಎರಡನ್ನೂ ಕೊಡುತ್ತಾರೆ. ಎಚ್‌ಸಿಜಿ ವೃಷಣವನ್ನು ಎಚ್ಚರಿಸುತ್ತದೆಯೇ ಹೊರತು ಪಿಟ್ಯುಟರಿಯನ್ನಲ್ಲ. ಅದರಿಂದ ಏರಿದ ಟೆಸ್ಟೋಸ್ಟೆರಾನ್ ಎಲ್‌ಎಚ್ಚನ್ನು ಇನ್ನೂ ತಗ್ಗಿಸಿಯೇ ಇಡುತ್ತದೆ. ಜಿಮ್ಮುಗಳಲ್ಲಿ 'ಪಿಸಿಟಿ' (ಸೈಕಲ್ ಮುಗಿದ ಮೇಲಿನ ಚಿಕಿತ್ಸೆ) ಎಂದು ಔಷಧಗಳ ಪಟ್ಟಿ ಹಂಚಿಕೊಳ್ಳುವವರಲ್ಲಿ ಈ ವ್ಯತ್ಯಾಸ ತಿಳಿದವರು ಕಡಿಮೆ, ಆ ಪಟ್ಟಿಗಳಿಗೆ ಗಟ್ಟಿಯಾದ ವೈಜ್ಞಾನಿಕ ಆಧಾರವೂ ಇಲ್ಲ. ಕುಸ್ತಿ, ಕಬಡ್ಡಿ, ಅಥ್ಲೆಟಿಕ್ಸ್‌ನಲ್ಲಿರುವ ನಮ್ಮ ಹುಡುಗರು ಇನ್ನೊಂದು ವಿಷಯ ತಿಳಿಯಬೇಕು. ಸ್ಟೀರಾಯ್ಡುಗಳಷ್ಟೇ ಅಲ್ಲ, ಕ್ಲೊಮಿಫೀನ್, ಅನಾಸ್ಟ್ರೊಜೋಲ್ ಮತ್ತು ಗಂಡಸರಲ್ಲಿ ಎಚ್‌ಸಿಜಿ ಕೂಡ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಷೇಧಿತ ಪಟ್ಟಿಯಲ್ಲಿವೆ.

ನಿಲ್ಲಿಸಿದ ಮೊದಲ ಕೆಲವು ತಿಂಗಳು ಬಹಳ ಕಷ್ಟದ ಕಾಲ. ಹೊರಗಿನದು ಬರುತ್ತಿಲ್ಲ, ಒಳಗಿನದು ಇನ್ನೂ ಎದ್ದಿಲ್ಲ. ಸುಸ್ತು, ನಿರಾಸಕ್ತಿಯ ಜೊತೆ ತೀವ್ರ ಖಿನ್ನತೆ ಬರಬಹುದು, ಸಾಯುವ ಯೋಚನೆಗಳೂ ಬರಬಹುದು. ಮನೆಯಲ್ಲಿ ಅಣ್ಣನೋ ತಮ್ಮನೋ ಮಗನೋ ಹೀಗೆ ಮಂಕಾಗಿದ್ದರೆ ಸೋಮಾರಿತನ ಎಂದು ಬೈಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಈ ಲೇಖನ ಓದಿ ಟೆಸ್ಟೋಸ್ಟೆರಾನ್ ಚಿಕಿತ್ಸೆಯೇ ಕೆಟ್ಟದ್ದು ಎಂದುಕೊಳ್ಳಬೇಡಿ. ವೃಷಣವೇ ಸೋತವರಿಗೆ ಅದು ಬೇಕೇ ಬೇಕು. ಆದರೆ ಮುಂದೆ ಮಕ್ಕಳು ಬೇಕೆನ್ನುವ ಆಸೆ ಇದ್ದರೆ, ಹಾರ್ಮೋನು ತಜ್ಞರ ಅಥವಾ ಯೂರಾಲಜಿಸ್ಟರ ಮುಂದೆ ಕೂತಾಗ ಅದನ್ನೇ ಮೊದಲ ಮಾತಾಗಿ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ಟೆಸ್ಟೋಸ್ಟೆರಾನ್ ಶುರುಮಾಡಲೇಬೇಕಾದ ಸ್ಥಿತಿಯಿದ್ದರೆ ಅದಕ್ಕೆ ಮುನ್ನ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯವನ್ನು ಶೈತ್ಯೀಕರಿಸಿ ಕಾಯ್ದಿಡುವ ಸೌಲಭ್ಯದ ಬಗ್ಗೆ ಕೇಳಿ. ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲಿ ಎಲ್‌ಎಚ್ ಇಲ್ಲದಿದ್ದರೆ, ಅದನ್ನು ಮಾಡಿಸುವವರೆಗೆ ಮೊದಲ ಇಂಜೆಕ್ಷನ್ ತೆಗೆದುಕೊಳ್ಳಬೇಡಿ.